ನಾಲ್ಕು ಸ್ವರ, ಆಮೇಲೊಂದು ಮೌನ

ಸಂಗೀತ ಬಲ್ಲವರೆದುರು ಹೇಳಿಕೊಳ್ಳಲು ನಾಚಿಕೆಯಾಗುವ ಚಾಳಿಯೊಂದು ನನಗಿದೆ. ನಾನು ಹಾಡು ಕೇಳುವುದಿಲ್ಲ, ಹಾಡಿನ ಆರಂಭ ಮಾತ್ರ ಕೇಳುತ್ತೇನೆ. ಅದೂ ರಾಕ್ ಹಾಡಿನ ಆರಂಭ. ಗಿಟಾರು ಎಲ್ಲಿಂದಲೋ ಒಂಟಿಯಾಗಿ ನಡೆದು ಬರಬೇಕು, ಡ್ರಮ್ಮು ಬಾಗಿಲು ಒದ್ದುಕೊಂಡು ಒಳಗೆ ನುಗ್ಗಬೇಕು, ಅದರ ಹಿಂದೆಯೇ ಬೇಸ್ ಗಿಟಾರು ಹೊಟ್ಟೆಯೊಳಗೆ ಗುಡುಗಬೇಕು. ಇಷ್ಟಾಗಿ ಹಾಡುಗಾರ ಬಾಯಿ ತೆರೆಯುವ ಹೊತ್ತಿಗೆ ನಾನು ನಿಲ್ಲಿಸಿಬಿಡುತ್ತೇನೆ. ಏನೋ ಆಗಲಿದೆ ಎಂಬ ಭರವಸೆ ಇರುವುದು ಅಲ್ಲಿಯವರೆಗೆ ಮಾತ್ರ. ಆಮೇಲೆ ಅವನು ಹೇಳುವುದು ಎಲ್ಲರೂ ಹೇಳುವುದನ್ನೇ: ನೀನು ಹೋದೆ, ನಾನು ಉಳಿದೆ. ಅಷ್ಟನ್ನು ತಿಳಿಯಲು ನನಗೆ ಹಾಡು ಬೇಕಾಗಿಲ್ಲ. ಚನ್ನಗಿರಿಯ ಈ ಮಹಡಿ ಕೋಣೆ, ಒಂದು ಸ್ಟವ್ವು, ಎರಡು ತಟ್ಟೆ ಸಾಕು. ಎರಡು ತಟ್ಟೆಯಲ್ಲಿ ಒಂದನ್ನು ಭಾನುವಾರ ಮಾತ್ರ ತೊಳೆಯುತ್ತೇನೆ.

ನನ್ನ ಹೆಂಡತಿ ಶೈಲಾ ಜಗಳೂರಿನ ಹೈಸ್ಕೂಲಿನಲ್ಲಿ ಟೀಚರು. ನಾನು ಇಲ್ಲಿಯ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ವರ್ಗಾವಣೆಯ ಅರ್ಜಿಗಳು ನಮ್ಮಿಬ್ಬರಿಗಿಂತ ಹೆಚ್ಚು ಒಟ್ಟಿಗೆ ಇವೆ, ಒಂದೇ ಕಡತದಲ್ಲಿ. ನಮಗೆ ಮಕ್ಕಳಿಲ್ಲ, ಇರುವುದು ಭಾನುವಾರಗಳು. ಒಂದು ಭಾನುವಾರ ಅವಳು ಇಲ್ಲಿಗೆ ಬಂದರೆ ಇನ್ನೊಂದು ಭಾನುವಾರ ನಾನು ಅಲ್ಲಿಗೆ. ಉಳಿದ ಆರು ಸಂಜೆ, ಕಾಲೇಜಿನಿಂದ ಬಂದು ಚಹಾಕ್ಕೆ ನೀರಿಟ್ಟು, ಮೊಬೈಲಿನಲ್ಲಿ ಒಂದೇ ಹಾಡಿನ ಮೊದಲ ನಲವತ್ತು ಸೆಕೆಂಡು ಕೇಳುತ್ತೇನೆ. ನೀರು ಕುದಿಯುವವರೆಗೆ ಐದಾರು ಸಲ ಆಗುತ್ತದೆ.

ಕೆಳಗಿನ ಮನೆಯ ಗೌರಮ್ಮನವರು, ಮನೆಯ ಮಾಲೀಕರು, ಮೂರು ತಿಂಗಳು ಇದನ್ನು ಸಹಿಸಿಕೊಂಡು ಒಂದು ದಿನ ಮೆಟ್ಟಿಲು ಹತ್ತಿ ಬಂದರು.

"ಮೇಷ್ಟ್ರೇ, ನಿಮ್ ಮೊಬೈಲ್ ಕೆಟ್ಟೈತೇನ್ರಿ? ಶುರು ಆಗ್ತತೆ, ನಿಂತೋಗ್ತತೆ. ಮತ್ತೆ ಶುರು ಆಗ್ತತೆ. ನಮ್ ಅಳಿಯ ರಿಪೇರಿ ಮಾಡ್ತಾನೆ, ಕೊಡ್ರಿ ಇಲ್ಲಿ."

"ಕೆಟ್ಟಿಲ್ಲ ಗೌರಮ್ಮನೋರೇ. ನಾನೇ ನಿಲ್ಲಿಸ್ತೀನಿ."

"ನೀವೇ ನಿಲ್ಲಿಸ್ತೀರಾ? ಅಲ್ರೀ, ರೊಟ್ಟಿ ಮುರಿದು ವಾಸನೆ ನೋಡಿ ಇಟ್ಟಂಗಾತಲ್ರಿ ಇದು! ಹೋಗ್ಲಿ, ಜಗಳೂರಿನ ಮೇಡಮ್ಮೋರು ಯಾವಾಗ ಬರ್ತಾರೆ?" ಈ ಎರಡು ವಿಷಯಗಳಿಗೆ ಅವರು ಸಂಬಂಧ ಕಲ್ಪಿಸಿದ್ದು ನನಗೆ ಹಿಡಿಸಲಿಲ್ಲ. ನಿಜವಿದ್ದಿರಬಹುದು, ಅದಕ್ಕೇ ಹಿಡಿಸಲಿಲ್ಲ.

ನಮ್ಮ ಕಡೆ ಯಾವುದಕ್ಕೂ ಸರಿಯಾದ ಆರಂಭವೇ ಇಲ್ಲ ಎಂಬುದು ನನ್ನ ಹಳೆಯ ದೂರು. ಯಾವುದೇ ಸಮಾರಂಭ ನೋಡಿ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಆಮೇಲೆ ದೀಪ ಬೆಳಗುವುದು. ಅತಿಥಿಗಳು ಗೀರಿದ ಕಡ್ಡಿಯನ್ನು ಫ್ಯಾನು ಆರಿಸುತ್ತದೆ. ಫ್ಯಾನು ನಿಲ್ಲಿಸಲು ಒಬ್ಬ ಓಡುತ್ತಾನೆ, ಅವನು ಮೈಕು ನಿಲ್ಲಿಸುತ್ತಾನೆ. ಕಾರ್ಯಕ್ರಮ ಶುರುವಾಯಿತು ಎಂದು ತಿಳಿಯುವ ಹೊತ್ತಿಗೆ ವಂದನಾರ್ಪಣೆ ನಡೆಯುತ್ತಿರುತ್ತದೆ. ರಾಕ್ ಹಾಡು ಹಾಗಲ್ಲ. ಅದರ ಮೊದಲ ಸ್ವರಕ್ಕೆ ಅಧ್ಯಕ್ಷರಿಲ್ಲ. ಅದನ್ನು ಎದುರಿಗೇ ನಿಂತು ಕೇಳಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಜನಕ್ಕೆ ಆ ಹಾಡು ಮೊದಲೇ ಪರಿಚಯವಿದ್ದರೆ ಮೊದಲ ಸ್ವರ ಮಾತ್ರ ಗಿಟಾರಿನದು. ಎರಡನೆಯದನ್ನು ಜನರ ಕೂಗು ನುಂಗಿಬಿಡುತ್ತದೆ. ಆರಂಭ ಪೂರ್ತಿ ಕೇಳಿಸಬೇಕಾದರೆ ಹಾಡು ಯಾರಿಗೂ ಗೊತ್ತಿರಬಾರದು. ಅಂಥ ಭಾಗ್ಯ ನನಗೆ ಒಮ್ಮೆ ಒದಗಿತ್ತು.

ನಾನು ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಬಯಲು ರಂಗಮಂದಿರಕ್ಕೆ 'ಕೆಂಪು ಲಾರಿ' ಎಂಬ ತಂಡ ಬಂದಿತ್ತು. ನಾಲ್ಕು ಹುಡುಗರು, ಅವರದೇ ಹಾಡು. ಸಂಜೆ ಏಳರ ಸುಮಾರಿಗೆ ಗಿಟಾರಿನವನು ಮುಂದೆ ಬಂದು ನಾಲ್ಕು ಸ್ವರ ಬಾರಿಸಿದ. ಯಾರೋ ಮೆಟ್ಟಿಲು ಹತ್ತುತ್ತ ಹತ್ತುತ್ತ ನಾಲ್ಕನೆಯದರ ಮೇಲೆ ಕಾಲೆತ್ತಿ ನಿಂತಂತೆ. ಅಲ್ಲಿಗೆ ಎಲ್ಲವೂ ನಿಂತಿತು. ಅದೇ ಕ್ಷಣಕ್ಕೆ ರಂಗದ ದೀಪಗಳೆಲ್ಲ ಆರಿದವು. ಕತ್ತಲು, ಮೌನ. ಸಾವಿರ ಜನ ಉಸಿರು ಹಿಡಿದಿದ್ದರು. ಎಂಥ ಕಲ್ಪನೆ, ಎಂಥ ಎದೆಗಾರಿಕೆ ಅಂದುಕೊಂಡೆ. ದೂರದ ಹಾಸ್ಟೆಲ್ಲಿನ ದೀಪಗಳೂ ಆರಿದ್ದವು. ಅವರನ್ನೂ ಮೊದಲೇ ಒಪ್ಪಿಸಿದ್ದಾರೆ ಎಂದು ಇನ್ನಷ್ಟು ಬೆರಗಾದೆ. ಆ ಕತ್ತಲಲ್ಲಿ ಪಕ್ಕದಲ್ಲಿ ನಿಂತಿದ್ದ ಸಹಪಾಠಿ ಶೈಲಾ ಮೆಲ್ಲಗೆ, "ಈಗ ಏನಾಗುತ್ತೆ?" ಎಂದು ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಡ್ರಮ್ಮು ಬಿತ್ತು. ತಗಡಿನ ಚಾವಣಿಯ ಮೇಲೆ ಒಂದು ಲೋಡು ಜಲ್ಲಿ ಸುರಿದಂತೆ ಬಿತ್ತು. ಎರಡು ವರ್ಷದ ನಂತರ ನಾವು ಮದುವೆಯಾದೆವು. ನನ್ನ ಲೆಕ್ಕದಲ್ಲಿ ನಮ್ಮ ಮದುವೆ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ.

ಈ ಕಥೆಯನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ನಾನು "ಮೌನ" ಎಂದರೆ ಇಬ್ಬರು ಎದ್ದು ಹೋಗುತ್ತಾರೆ. ಆ ಹಾಡಿನ ರೆಕಾರ್ಡಿಂಗು ಆಮೇಲೆ ಸಿಕ್ಕಿತು, ಈಗ ನನ್ನ ಮೊಬೈಲಿನಲ್ಲಿರುವುದು ಅದೇ. ಅದರಲ್ಲಿ ನಾಲ್ಕು ಸ್ವರ ಇವೆ, ಡ್ರಮ್ಮು ಇದೆ, ನಡುವೆ ಮೌನ ಮಾತ್ರ ಇಲ್ಲ. ಸ್ಟುಡಿಯೋದ ಅರಸಿಕರು ಕತ್ತರಿಸಿದ್ದಾರೆ ಎಂದು ನಾನು ತೀರ್ಮಾನಿಸಿದ್ದೆ. ಸಂತೇಬೆನ್ನೂರಿನ ಹೊಂಡದ ದಂಡೆಯ ಮೇಲೆ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು, "ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ, ಅವನಿಗೆ ಆ ಕಥೆ ಇಷ್ಟವಾಗಿದ್ದರಂತೂ ನಂಬಲೇಬೇಡಿ" ಎಂದು ಪ್ರತಿ ವರ್ಷ ಪಾಠ ಮಾಡುವವನು ನಾನೇ. ಕಲ್ಲಿನ ಮೇಲಿನ ಅಕ್ಷರವನ್ನೂ ಸಂಶಯದಿಂದ ನೋಡುವ ನಾನು ನನ್ನ ಕಿವಿಯನ್ನು ಒಂದು ದಿನವೂ ವಿಚಾರಿಸಿಕೊಂಡಿರಲಿಲ್ಲ.

ಈ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೊನ್ನಾಳಿಯಿಂದ ಸೌಂಡ್ ಸಿಸ್ಟಮ್ಮಿನವರು ಬಂದಿದ್ದರು. ಐವತ್ತರ ಆಸುಪಾಸಿನ, ಹೊಟ್ಟೆ ಬಂದಿರುವ ಒಬ್ಬರು "ಹಲೋ, ಹಲೋ, ಚೆಕ್" ಅನ್ನುತ್ತ, ಅತಿಥಿಗಳಿಗೆ ಕಾಯುವ ಬೇಸರಕ್ಕೆ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲೆ ಎರಡು ಪೆನ್ನಿನಿಂದ ಏನೋ ಬಡಿದರು. ಅದೇ ಜಲ್ಲಿ, ಅದೇ ತಗಡು. ಹತ್ತಿರ ಹೋಗಿ, "ನೀವು ಕೆಂಪು ಲಾರಿಯವರಾ?" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಯಾರ್ರೀ ಸರ್ ನೀವು? ಆ ಹೆಸರು ನಮ್ ಮನೆಯಾಕಿಗೂ ಗೊತ್ತಿಲ್ಲ!"

ಹೆಸರು ಮಂಜಣ್ಣ, ಹೊನ್ನಾಳಿಯಲ್ಲಿ ಶಾಮಿಯಾನ, ಸೌಂಡ್ಸ್ ಅಂಗಡಿ. ನಾನು ಅವರ ಕೈ ಹಿಡಿದುಕೊಂಡು ಇಪ್ಪತ್ತು ವರ್ಷದ ಭಾಷಣವನ್ನು ಪೂರ್ತಿ ಮಾಡಿದೆ. ಕೊನೆಗೆ, "ಆ ಮೌನ ಇತ್ತಲ್ಲ, ಅದನ್ನು ಯೋಚಿಸಿದ್ದು ನಿಮ್ಮಲ್ಲಿ ಯಾರು?" ಎಂದೆ.

"ಯಾವ್ ಮೌನ ಸರ್?"

"ನಾಲ್ಕು ಸ್ವರ ಆದ ಮೇಲೆ ದೀಪ ಆರಿಸಿ..."

"ಓ, ಅದಾ! ಕರೆಂಟ್ ಹೋಗಿತ್ತಲ್ರಿ ಸರ್!" ಅವರು ಹೊಟ್ಟೆ ಕುಲುಕಿಸಿ ನಕ್ಕರು. "ಗಿಟಾರ್‌ನವನು ಬಾಯಿ ತಕ್ಕಂಡು ನಿಂತಿದ್ದ. ಜನ ಎದ್ದು ಹೋಗ್ತಾರೇನೋ ಅಂತ ನಂಗೆ ಜೀವ ಹೋಗಂಗಾತು. ಡ್ರಮ್ಮಿಗೆ ಕರೆಂಟ್ ಬೇಕಾಗಿಲ್ವಲ್ಲ, ಕಣ್ಮುಚ್ಚಿ ಹೊಡದೇಬಿಟ್ಟೆ. ಅಷ್ಟರಾಗೆ ಜನರೇಟರ್ ಬಂತು. ನೀವೇನ್ ತಿಳ್ಕಂಡಿದ್ರಿ?"

ನಾನು ಏನು ತಿಳಿದುಕೊಂಡಿದ್ದೆ ಎಂಬುದನ್ನು ಆಗಷ್ಟೇ ಹದಿನೈದು ನಿಮಿಷ ಹೇಳಿ ಮುಗಿಸಿದ್ದೆ. ಹಾಗಾಗಿ ಸುಮ್ಮನೆ ನಕ್ಕೆ.

ಸಂಜೆ ಶೈಲಾಳಿಗೆ ಫೋನು ಮಾಡಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು, ನಲ್ಲಿಯ ಸದ್ದು ಕೇಳುತ್ತಿತ್ತು. "ಆ ಮೌನ ಇತ್ತಲ್ಲ ಶೈಲಾ, ಅದು ಕರೆಂಟು ಹೋಗಿದ್ದಂತೆ."

"ಹೌದಾ? ಪಾಪ," ಎಂದಳು. ನನಗೋ, ಮೌನಕ್ಕೋ ಗೊತ್ತಾಗಲಿಲ್ಲ.

"ಹೋಗಲಿ ಬಿಡು. ನೀನು ಕೇಳಿದ್ದಂತೂ ಸರಿಯಾಗೇ ಇತ್ತು, ಈಗ ಏನಾಗುತ್ತೆ ಅಂತ."

ನಲ್ಲಿ ನಿಂತಿತು. "ರೀ, ಬೇಜಾರು ಮಾಡ್ಕೋಬೇಡ್ರಿ. ನಾನು ಆವತ್ತು ಬಂದೇ ಇರ್ಲಿಲ್ಲ. ನಮ್ಮಕ್ಕನ ನಿಶ್ಚಿತಾರ್ಥ ಅಂತ ಊರಿಗೆ ಹೋಗಿದ್ನಲ್ರಿ."

"ಮತ್ತೆ ಇಷ್ಟು ವರ್ಷ ನಾನು ಹೇಳುವಾಗೆಲ್ಲ ತಲೆಯಾಡಿಸುತ್ತಿದ್ದೆ?"

"ಮೊದ್ಲು ಒಂದೆರಡು ಸಲ ಹೇಳಾಕೆ ಹೋದೆ. ನೀವು ಎಷ್ಟು ಚೆನ್ನಾಗಿ ಹೇಳ್ತಿದ್ರಿ ಅಂದ್ರೆ ನಡುವೆ ಬಾಯಿ ಹಾಕಾಕೆ ಮನಸ್ಸಾಗ್ಲಿಲ್ಲ. ಆಮೇಲಾಮೇಲೆ ನಂಗೂ ನಾನು ಅಲ್ಲಿದ್ದೆ ಅಂತ್ಲೇ ಅನ್ನಿಸ್ತಿತ್ತು. ಕತ್ಲು, ಹಾಸ್ಟೆಲ್ ದೀಪ, ಎಲ್ಲಾ ಕಾಣ್ತತೆ ನಂಗೆ."

ಫೋನಿಟ್ಟು ಚಹಾಕ್ಕೆ ನೀರಿಟ್ಟೆ. ಕರೆಂಟು ಹೋದದ್ದನ್ನು ತಡೆದುಕೊಳ್ಳಬಹುದಿತ್ತು. ಆದರೆ ಅವಳೂ ಇರಲಿಲ್ಲವೆಂದರೆ ಆ ಕತ್ತಲಲ್ಲಿ ನಾನು ಒಬ್ಬನೇ ನಿಂತಿದ್ದೆನೆಂದಾಯಿತು. ಹಾಗಾದರೆ ಆ ಪ್ರಶ್ನೆ ಕೇಳಿದವರು ಯಾರು? ಬೇರೆ ಯಾರೋ ಇರಬಹುದು. ನಾನೇ ಕೇಳಿಕೊಂಡಿರಬಹುದು. ಒಂಟಿಯಾಗಿ ನಿಂತ ಒಬ್ಬ ಹುಡುಗನ ಪಕ್ಕಕ್ಕೆ, ಆಮೇಲೆ ಯಾವಾಗಲೋ, ಹೆಂಡತಿಯನ್ನು ಕರೆತಂದು ನಿಲ್ಲಿಸಿದ್ದೇನೆ. ವರ್ಗಾವಣೆ ಇಲಾಖೆಗೆ ಆಗದ್ದನ್ನು ನನ್ನ ನೆನಪು ಮಾಡಿಬಿಟ್ಟಿತ್ತು.

ಮಾರನೆಯ ದಿನ ಮಂಜಣ್ಣನವರಿಗೂ ಶೈಲಾಳಿಗೂ ಫೋನು ಮಾಡಿದೆ. ಆ ಆರಂಭವನ್ನು ಇನ್ನೊಮ್ಮೆ, ಎದುರಿಗೇ, ಅವಳನ್ನು ನಿಜವಾಗಿ ಪಕ್ಕದಲ್ಲಿಟ್ಟುಕೊಂಡು ಕೇಳಬೇಕು ಎಂಬ ಹಟ. "ಭಾನುವಾರ ಹೊನ್ನಾಳಿಗಾ? ಬಟ್ಟೆ ಒಗೆಯೋದೈತಲ್ರಿ," ಎಂದಳು. ಆದರೂ ಬಂದಳು. ನಾನು ನೇರ ಬಸ್ಸು ತಪ್ಪಿಸಿಕೊಂಡು ನ್ಯಾಮತಿ ಸುತ್ತಿಕೊಂಡು ತಲುಪುವಷ್ಟರಲ್ಲಿ ಅವಳು ಅಂಗಡಿಯ ಮುಂದೆ, ಶಾಮಿಯಾನದ ಗಂಟಿನ ಮೇಲೆ ಕೂತು, ಮಂಜಣ್ಣನ ಹೆಂಡತಿ ಕೊಟ್ಟ ಮಂಡಕ್ಕಿ ತಿನ್ನುತ್ತಿದ್ದಳು.

ಮಂಜಣ್ಣ ಮದುವೆ ಆರ್ಕೆಸ್ಟ್ರಾಗಳಿಗೆ ಬಾಡಿಗೆ ಕೊಡುವ ಡ್ರಮ್ಮುಗಳನ್ನು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಜೋಡಿಸಿದ್ದರು. "ಸರ್, ಗಿಟಾರ್‌ನವನು ಇಲ್ಲ. ನಾಲ್ಕು ಸ್ವರ ನಿಮ್ ಮೊಬೈಲಿಂದ ದೊಡ್ ಸ್ಪೀಕರಿಗೆ ಬಿಡ್ತೀನಿ. ಆಮೇಲೆ ಮೇನ್ ಸ್ವಿಚ್ ಆಫ್. ಒರಿಜಿನಲ್ ಹೆಂಗಿತ್ತೋ ಹಂಗೇ," ಎಂದು ಹೆಂಡತಿಯನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. "ಏನ್ ಹುಚ್ಚೋ ಇವ್ರದು," ಎಂದು ಆಕೆ ಶೈಲಾಳ ಕಡೆ ನೋಡಿದರು. "ನಮ್ಮನ್ಯಾಗೂ ಐತೆ ತಗೋರಿ," ಎಂದಳು ಇವಳು. ಶಟರು ಎಳೆದರು.

ಒಂದು, ಎರಡು, ಮೂರು ಸ್ವರ. ಆ ಸ್ಪೀಕರು ಮೂರು ಊರಿನ ಮೆರವಣಿಗೆಗೆ ಸಾಲುವಂಥದು, ನನ್ನ ಎದೆಯ ಎಲುಬು ನಡುಗಿತು. ನಾಲ್ಕನೆಯದು ಕಾಲೆತ್ತಿ ನಿಂತಿತು. ಟಕ್. ಕತ್ತಲು. ಫ್ಯಾನೂ ನಿಂತಿತು. ಅದೇ ಮೌನ. ನಾನು ಇಪ್ಪತ್ತು ವರ್ಷ ಹೊಗಳಿದ್ದಕ್ಕಿಂತ ಒಂದು ಕೂದಲೂ ಕಡಿಮೆ ಇರಲಿಲ್ಲ. ಕರೆಂಟು ಹೋಗಿಯೇ ಆಗಿರಲಿ, ಮೌನ ಮೌನವೇ. ನಾನು ಉಸಿರು ಹಿಡಿದು ಪಕ್ಕದವಳ ಮಾತಿಗೆ ಕಾದೆ.

"ಮುಗೀತೇನ್ರಿ?" ಎಂದಳು ಶೈಲಾ.

ಅಷ್ಟರಲ್ಲಿ ಜಲ್ಲಿ ಸುರಿಯಿತು. ಅವಳು "ಅಯ್ಯಪ್ಪಾ!" ಎಂದು ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಂಜಣ್ಣ ಏದುಸಿರು ಬಿಡುತ್ತ ಬಾರಿಸಿಯೇ ಬಾರಿಸಿದರು. ದೀಪ ಬಂದಾಗ ನಾವು ನಾಲ್ವರೂ ನಗುತ್ತಿದ್ದೆವು. ಅವಳು ಕೈ ಬಿಟ್ಟು ಗಡಿಯಾರ ನೋಡಿದಳು. ಜಗಳೂರಿನ ಕಡೆಗೆ ಹೋಗಲು ಅವಳಿಗೆ ದಾವಣಗೆರೆ ಬಸ್ಸು ಹಿಡಿಯಬೇಕಿತ್ತು. ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಅವಳ ಬೆರಳು ಒತ್ತಿದ ಜಾಗ ನ್ಯಾಮತಿ ದಾಟುವವರೆಗೂ ನೋಯುತ್ತಿತ್ತು.

ಸೋಮವಾರ ಸ್ಟಾಫ್ ರೂಮಿನಲ್ಲಿ ಈ ಎರಡನೆಯ ಆವೃತ್ತಿಯನ್ನು ಹೇಳಿದೆ. ಎಲ್ಲರೂ ಕೂತು ಕೇಳಿದರು. ಸಂಜೆ ಮೆಟ್ಟಿಲು ಹತ್ತುವಾಗ ನೆನಪಾಯಿತು: ಕತ್ತಲಲ್ಲಿ ಶೈಲಾ "ಈಗ ಏನಾಗುತ್ತೆ?" ಎಂದು ಕೇಳಿದಳು ಎಂದೇ ನಾನು ಹೇಳಿದ್ದೆ. ಒಂದು ದಿನವೂ ಪೂರ್ತಿ ಕಳೆದಿರಲಿಲ್ಲ! ಗಾಬರಿಯಾಗಿ, ಚಹಾಕ್ಕೆ ನೀರಿಟ್ಟು, ಹಾಡು ಹಚ್ಚಿ, ಡೈರಿ ತೆಗೆದು "ಮುಗೀತೇನ್ರಿ" ಎಂದು ಬರೆದೆ. ಬರೆದದ್ದು ನೋಡಿದರೆ ಅದೂ ನಂಬಿಕೆಯಾಗಲಿಲ್ಲ. ಅವಳಿಗೆ ಮೆಸೇಜು ಹಾಕಿದೆ: ನಿನ್ನೆ ಕತ್ತಲಲ್ಲಿ ನೀನು ಏನು ಹೇಳಿದೆ? ಉತ್ತರ ಬರುವವರೆಗೆ ಕಿಟಕಿಯಲ್ಲಿ ನಿಂತಿದ್ದೆ. ಬಂತು: "ಏನೋ ಅಂದೆ. ನೆನಪಿಲ್ಲ. ನೀವೇ ಚೆನ್ನಾಗಿ ಹೇಳ್ತೀರಲ್ಲ. ಊಟ ಆಯ್ತಾ?"

ಅದನ್ನು ಎಷ್ಟು ಹೊತ್ತು ಓದುತ್ತ ನಿಂತಿದ್ದೆನೋ, ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಗೌರಮ್ಮನವರು ಹಿಟ್ಟಿನ ಕೈಯಲ್ಲೇ ಬಂದಿದ್ದರು.

"ಮೇಷ್ಟ್ರೇ, ಏನಾತ್ರೀ? ಹುಷಾರಿದೀರಾ? ಇವತ್ತು ಹಾಡು ನಿಲ್ಲಲೇ ಇಲ್ಲ! ನಂಗೆ ಎದೆ ಧಸಕ್ಕಂತು."

ನೋಡಿದರೆ ಸ್ಟವ್ವಿನ ಮೇಲೆ ನೀರು ಆವಿಯಾಗಿ ಪಾತ್ರೆ ಕರಕಲಾಗಿತ್ತು. ಹಾಡು ಮುಗಿದುಹೋಗಿತ್ತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಪೂರ್ತಿ.

"ಏನಿಲ್ಲ, ಇವತ್ತು ಕೊನೆತನಕ ಬಿಟ್ಟೆ," ಎಂದೆ.

"ಸದ್ಯ! ಕೊನೆಗೆ ಹೆಂಗೈತ್ರಿ? ನಂಗೆ ಕೆಳಗೆ ಸರಿಯಾಗಿ ಕೇಳ್ಲಿಲ್ಲ."

ನನಗೂ ಕೇಳಿಸಿರಲಿಲ್ಲ. ಆದರೂ ಗೌರಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ, ಆ ಹಾಡು ಹೇಗೆ ಮುಗಿಯುತ್ತದೆ ಎಂಬುದನ್ನು ಬಹಳ ಚೆನ್ನಾಗಿ ವರ್ಣಿಸಿದೆ.