ಬಕೆಟ್ಟಿನಲ್ಲಿ ಬೆಳೆದ ಗಣಪ

ಮಣ್ಣನ್ನು ಮಾತ್ರೆ ಮಾಡಲು ಹೊರಟವರ ನಡುವೆ ಇದ್ದರೆ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಒಂದಕ್ಕೆರಡು ಸೇರಿಸಿ ಹೇಳ್ತೀನಿ ಅಂತಾರೆ. ಸುಳ್ಳು. ಒಂದಕ್ಕೆ ಒಂದೂವರೆ, ಅಷ್ಟೇ.

೧. ದೊಡ್ಡಮ್ಮನ ಲೆಕ್ಕ

ಎಪ್ಪತ್ತರ ದಶಕ. ರಾಜಾಜಿನಗರದ ಪುಟ್ಟ ಔಷಧ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ನಮ್ಮ ಕೆಮಿಸ್ಟ್‌ಗೆ ಒಂದೇ ಹುಚ್ಚು: ನೀರು ಕುಡಿದು ಉಬ್ಬುವ ಒಂದು ಜಾತಿಯ ಜೇಡಿಮಣ್ಣು. ಅದರಲ್ಲಿ ಔಷಧ ಬೆರೆಸಿ ಮಾತ್ರೆ ಮಾಡಿದರೆ, ಹೊಟ್ಟೆಯೊಳಗೆ ಉಬ್ಬಿಕೊಂಡು, ಔಷಧವನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವೇ ಬಿಡುತ್ತದಂತೆ.

ಮಾರೇನಹಳ್ಳಿಯ ದೊಡ್ಡಮ್ಮ ಕೇಳಿದಳು, "ಏನೋ ನಿನ್ನ ಕೆಲಸ?"

"ಜನಕ್ಕೆ ಮಣ್ಣು ತಿನ್ನಿಸೋದು, ದೊಡ್ಡಮ್ಮ."

"ಅದಕ್ಕೆ ಕಾರ್ಖಾನೆ ಬೇರೆ ಬೇಕೇನೋ? ನಿನ್ನ ಮಗ ಅಂಗಳದಲ್ಲೇ ತಿಂತಾನಲ್ಲ!"

೨. ನಿಧಾನದ ಮಾತ್ರೆ

ಮಾಲೀಕರ ಮುಂದೆ ಕೆಮಿಸ್ಟ್ ಒಂದು ಮಾತ್ರೆಯನ್ನು ನೀರಿನ ಲೋಟಕ್ಕೆ ಹಾಕಿದ. ಮಾಲೀಕರು ಬಗ್ಗಿ ನೋಡಿದರು. ಏನೂ ಆಗಲಿಲ್ಲ.

"ಇದೇ ಸಾರ್ ಇದರ ಗುಣ. ಸಂಜೆವರೆಗೂ ನಿಧಾನಕ್ಕೆ ಕೆಲಸ ಮಾಡುತ್ತೆ."

"ಹಾಗೆ ಕೆಲಸ ಮಾಡೋರು ನನ್ನತ್ರ ಬೇಕಾದಷ್ಟು ಜನ ಇದಾರೆ ಕಣಯ್ಯಾ! ಗಣೇಶನ ಹಬ್ಬ ಮುಗಿಯೋದರೊಳಗೆ ನಾನು ನಂಬೋ ಹಾಗೆ ತೋರಿಸು. ಇಲ್ಲಾಂದ್ರೆ ನಿನ್ನ ಪ್ರಯೋಗದ ಕೋಣೆಗೆ ಖಾಲಿ ರಟ್ಟಿನ ಡಬ್ಬ ತುಂಬಿಸ್ತೀನಿ. ನೀನು ಸೀಸೆಗೆ ಚೀಟಿ ಅಂಟಿಸ್ಕೊಂಡಿರು."

೩. ಗಣಪನ ಹೊಟ್ಟೆ

ಕೆಮಿಸ್ಟ್ ಬಳಿ ಉಳಿದಿದ್ದದ್ದು ಒಂದೇ ಮೂಟೆ ಮಣ್ಣು. ಹಬ್ಬ ಬಂತು. ಮಾಲೀಕರಿಗೆ ಹೊಳೆಯಿತು: ನಮ್ಮಲ್ಲೇ ಮಣ್ಣಿರುವಾಗ ಗಣಪನನ್ನು ಕೊಳ್ಳುವುದ್ಯಾಕೆ? ಈ ಉಪಾಯ ಅವರ ಕಿವಿಗೆ ಊದಿದ್ದು ನಾನೇ ಅಂತಾರೆ. ಮುಕ್ಕಾಲು ಸುಳ್ಳು.

"ಸಾರ್, ಅದು ಔಷಧಕ್ಕೆ ಅಂತ ಶುದ್ಧ ಮಾಡಿದ ಮಣ್ಣು!" ಕೆಮಿಸ್ಟ್ ಅಳುವುದೊಂದು ಬಾಕಿ.

"ಹಾಗಾದ್ರೆ ದೇವರಿಗೆ ಇನ್ನೂ ಶ್ರೇಷ್ಠ."

ಬಸವೇಶ್ವರನಗರದ ಮನೆಯಲ್ಲಿ ಮಾಲೀಕರೇ ಗಣಪನನ್ನು ತಿದ್ದಿದರು. ಒಣಗಿ ಬಿರುಕು ಬಿಟ್ಟ ಕಡೆ ಅವರ ಹೆಂಡತಿ ಗರಿಕೆ ಸಿಕ್ಕಿಸಿದರು. ಪೂಜೆಯಾಗಿ, ಸಂಜೆ ಬಕೆಟ್ಟಿನ ನೀರಿಗೆ ಬಿಟ್ಟರು.

ಬೆಳಗ್ಗೆ ಕೆಮಿಸ್ಟ್‌ಗೂ ನನಗೂ ಕರೆ ಬಂತು. ಎಲ್ಲರ ಮನೆ ಗಣಪ ಕರಗಿದ್ದ, ಇವನು ಬೆಳೆದಿದ್ದ! ಹೊಟ್ಟೆ ಬಕೆಟ್ಟಿನ ಕಂಠದವರೆಗೆ ಉಬ್ಬಿತ್ತು. ಮಗುಚಿ ಹಾಕಿದರೂ ಬೀಳಲೊಲ್ಲ. ಮಾಲೀಕರ ಹೆಂಡತಿ ಕೆನ್ನೆ ಬಡಿದುಕೊಳ್ಳುತ್ತಿದ್ದರು: "ಈ ಮಣ್ಣನ್ನ ಕೈಬಿಡಬೇಡಿ ಅಂತ ಅಪ್ಪಣೆ ಕಣ್ರೀ!"

ಕೆಮಿಸ್ಟ್ ಸೀದಾ ಆ ಹೊಟ್ಟೆಗೇ ಕೈ ಹಾಕಿ ಕೂಗಿದ, "ಸಾರ್, ನಡುವೆ ಇನ್ನೂ ಒಣಗೇ ಇದೆ! ನೀರು ಇಷ್ಟು ನಿಧಾನಕ್ಕೆ ಒಳಗೆ ಹೋಗುತ್ತೆ, ಔಷಧ ಅಷ್ಟೇ ನಿಧಾನಕ್ಕೆ ಹೊರಗೆ ಬರುತ್ತೆ. ನಾನು ಬಡ್ಕೊಂಡಿದ್ದು ಇದನ್ನೇ!"

ಮಾಲೀಕರು ಗಣಪನ ಹೊಟ್ಟೆ ನೋಡಿದರು. ಕೆಮಿಸ್ಟ್‌ನ ಸಣಕಲು ಹೊಟ್ಟೆ ನೋಡಿದರು.

"ನಂಬಿದೆ ಕಣಯ್ಯಾ, ಕೋಣೆ ನೀನೇ ಇಟ್ಕೋ. ಆದ್ರೆ ಮೊದಲನೇ ಮಾತ್ರೆ ನೀನೇ ನುಂಗು. ಎಲ್ಲಿವರೆಗೆ ಬೆಳೀತೀಯೋ ನೋಡ್ಕೊಂಡು ಆಮೇಲೆ ಮಾರೋಣ!"