ಬಂತಾ? ಹೋಯ್ತು!

ಪ್ರೂಫ್ ರೀಡರ್ ಮನೆಯ ಟೀವಿ ಬೆಳಬೆಳಿಗ್ಗೆಯೇ ಕೈಕೊಟ್ಟಿತು. ವಾರ್ತೆ ಓದುತ್ತಿದ್ದ ಹೆಂಗಸು ಬಾಯಿ ತೆರೆದವಳು ಹಾಗೇ ನಿಂತಳು, ಚೂರುಚೂರಾದಳು, ಮಾಯವಾದಳು. 'ಸಿಗ್ನಲ್ ಇಲ್ಲ' ಎಂದು ಬಂತು. ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಈ ಮಹಾರಾಯರು ಎದ್ದು ತಲೆ ಬಾಚಿಕೊಂಡು, ಒಗೆದ ಶರ್ಟು ಹಾಕಿಕೊಂಡು, ಕುರ್ಚಿಗಳ ಧೂಳು ಒರೆಸಿದರು.

ಯಾಕೆ ಅಂತೀರಾ? ಹೆಂಡತಿ ತೀರಿಕೊಂಡ ಮೇಲೆ ಆ ಮನೆಗೆ ಒಂದು ನರಪಿಳ್ಳೆಯೂ ಕಾಲಿಡುತ್ತಿರಲಿಲ್ಲ. ದಿನವಿಡೀ ಮನೆಯಲ್ಲೇ ಕೂತು ಬೇರೆಯವರ ಪುಸ್ತಕದ ತಪ್ಪು ತಿದ್ದುವ ಕೆಲಸ. ಅದಕ್ಕೆ ಬಾಯಿಯೇ ಬೇಕಿಲ್ಲ. ಆದರೆ ಡಿಶ್ ಕೆಟ್ಟಿತೆಂದರೆ ಸಾಕು, ಕಟ್ಟಡಕ್ಕೆ ಕಟ್ಟಡವೇ ಎದ್ದು ಬರುತ್ತಿತ್ತು. ಉಪಕಾರ ಮಾಡುವುದು ಅಲ್ಲಿನವರಿಗೆ ಒಂದು ಚಟ. ಎದುರು ಮನೆಯ ಟೈಲರ್ ತಾರಸಿ ಹತ್ತಿ ಡಿಶ್ ತಿರುಗಿಸುವುದು, ಮೇಲ್ಮನೆಯ ನರ್ಸಮ್ಮ ಮೆಟ್ಟಿಲ ಮೇಲೆ ನಿಂತು ಮಾತು ದಾಟಿಸುವುದು, ಪ್ರೂಫ್ ರೀಡರ್ ಟೀವಿ ಮುಂದೆ ನಿಂತು ವರದಿ ಒಪ್ಪಿಸುವುದು. ಅವತ್ತೂ ಹಾಗೇ ಶುರುವಾಯಿತು.

"ಬಂತಾ?" ಟೈಲರ್ ತಾರಸಿಯಿಂದ ಕೂಗಿದ.

"ಬಂತಾ ಅಂತ ಕೇಳ್ತಿದಾರ್ರೀ!" ಎಂದರು ನರ್ಸಮ್ಮ.

ಬಂದಿತ್ತು. ವಾರ್ತೆಯ ಹೆಂಗಸು ನಗುತ್ತಿದ್ದಳು. ಆದರೆ ಬಂತು ಅಂದರೆ ಎಲ್ಲರೂ ತಮ್ಮ ತಮ್ಮ ಬಾಗಿಲು ಹಾಕಿಕೊಂಡುಬಿಡುತ್ತಾರೆ. ಪ್ರೂಫ್ ರೀಡರ್, "ಬಂದಿತ್ತು... ಹೋಯ್ತು!" ಎಂದರು.

"ಹೋಯ್ತಂತೆ!" ನರ್ಸಮ್ಮ ಗಂಟಲು ಹರಿಯುವಂತೆ ಕೂಗಿದರು.

ಕೆಳಮನೆಯ ತಾತನ ಕಿವಿ ಅಷ್ಟಕ್ಕಷ್ಟೇ. ಅವರಿಗೆ ಕೇಳಿಸಿದ್ದು "ಹೋದ್ರಂತೆ!" ಅದೂ ನರ್ಸಿನ ಬಾಯಿಂದ! ಇನ್ನು ಅನುಮಾನ ಎಲ್ಲಿಯದು? ತಾತ ಬೀದಿಗೇ ಹೋಗಿ, "ಅಯ್ಯೋ, ಪ್ರೂಫಿನೋರು ಹೋಗ್ಬಿಟ್ರಂತಲ್ರಪ್ಪಾ!" ಎಂದು ಸಾರಿದರು. ಜೀವಮಾನವೆಲ್ಲಾ ತಪ್ಪು ಹಿಡಿದ ಮನುಷ್ಯ, ತಮ್ಮದೇ ಸುದ್ದಿಯ ತಪ್ಪು ಮಾತ್ರ ತಿದ್ದಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಅಂಗಡಿಯವನು ಬಂದ, ಇಸ್ತ್ರಿಯವಳು ಬಂದಳು. ಅಕ್ಕ ಸತ್ತ ಮೇಲೆ ಒಂದು ಫೋನೂ ಮಾಡದಿದ್ದ ಭಾವಮೈದುನ ಆಟೋ ಇಳಿದವನೇ, "ಭಾವಾ, ನಮ್ಮನ್ನ ಬಿಟ್ಟು ಹೋಗ್ಬಿಟ್ರಲ್ಲಾ!" ಎಂದು ಗೋಳಾಡುತ್ತಾ ಮೆಟ್ಟಿಲು ಹತ್ತಿದ.

ಭಾವನೇ ಎದುರು ಬಂದು, "ಬಾರಪ್ಪಾ ಬಾ, ಕೂತ್ಕೋ. ನಿನ್ನ ಮುಖ ನೋಡಿ ಎಷ್ಟು ಕಾಲ ಆಯ್ತು!" ಎಂದರು.

"ಬದುಕಿದೀರಾ?" ಅಂಗಡಿಯವನಿಗೆ ಸಿಟ್ಟೇ ಬಂತು. "ವ್ಯಾಪಾರದ ಹೊತ್ತಲ್ಲಿ ಬಾಗಿಲೆಳ್ಕೊಂಡು ಬಂದಿದೀನಲ್ರೀ!"

ತುಂಬಿದ ಮನೆ ನೋಡಿ ಪ್ರೂಫ್ ರೀಡರಿಗೆ ಕಣ್ಣು ತುಂಬಿ ಬಂತು. ಬೈದರೂ ಸರಿ, ಎದ್ದು ಹೋಗದಿದ್ದರೆ ಸಾಕು. ಅವಸರದಲ್ಲಿ ಒಂದು ಮಾತು ಹುಡುಕಿದರು: "ಎಲ್ಲಾ ಆ ಡಿಶ್‌ನಿಂದ ಆಗಿದ್ದು. ಯಾವ ಕನೆಕ್ಷನ್ ಹಾಕಿಸ್ಲಿ, ನೀವೇ ಹೇಳಿ."

ಕೇಳಬೇಕೇ! ಹೊರಟವರೆಲ್ಲಾ ಕೂತರು.

"ಬೇರೆ ಕಂಪನಿ ಡಿಶ್ ಹಾಕ್ಸಿ."

"ಕಂಪನಿ ಬೇರೆ ಆದ್ರೆ ಮೋಡ ಬೇರೆ ಆಗುತ್ತೇನ್ರೀ? ಇಂಟರ್ನೆಟ್ ಟೀವಿ ಹಾಕ್ಸಿ."

"ಅದು ಗರಗರ ಸುತ್ತುತ್ತಾ ಕೂತಿರುತ್ತೆ. ಕೇಬಲ್ಲೇ ಸೈ."

ಪ್ರೂಫ್ ರೀಡರ್ ಎಲ್ಲರಿಗೂ ಹೂಂ ಅಂದರು, ಕೊನೆಗೊಂದು "ಆದ್ರೆ..." ಸೇರಿಸಿದರು. ಚಹಾದ ಮೇಲೆ ಚಹಾ ಆಯಿತು. ಅಷ್ಟು ಸುಖವಾದ ದಿನ ಅವರು ಕಂಡು ಎಷ್ಟೋ ಕಾಲವಾಗಿತ್ತು. ಕೊನೆಗೆ ಭಾವಮೈದುನನೇ ತಾಳ್ಮೆಗೆಟ್ಟು ಕೇಬಲ್‌ನವನಿಗೆ ಫೋನ್ ಹೊಡೆದ. ಅವನು ಬಂದು ತಂತಿ ಎಳೆದು, "ಇನ್ನು ಈ ಜನ್ಮದಲ್ಲಿ ಹೋಗಲ್ಲ ಸಾರ್" ಎಂದ. ಎಲ್ಲರೂ ನಿಟ್ಟುಸಿರು ಬಿಟ್ಟು ಎದ್ದರು.

"ಈ ಹಳೇ ಡಿಶ್ ನಾನು ತಗೊಳ್ಲಾ? ನಮ್ಮನೆ ಟೀವಿ ಕನೆಕ್ಷನ್ನೇ ಇಲ್ದೆ ಬಿದ್ದಿದೆ" ಎಂದ ಟೈಲರ್.

"ತಗೊಳ್ಳಿ, ಅದಕ್ಕೇನಂತೆ" ಎಂದರು ಪ್ರೂಫ್ ರೀಡರ್, ಬೇರೇನೂ ತೋಚದೆ.

ಸಂಜೆ ವಾರ್ತೆಯ ಹೆಂಗಸು ಒಂದಿಷ್ಟೂ ಅಲುಗದೆ, ಗಾಜಿನಷ್ಟು ಸ್ಪಷ್ಟವಾಗಿ ಮಾತಾಡುತ್ತಿದ್ದಳು. ಮನೆ ಬಿಕೋ ಅನ್ನುತ್ತಿತ್ತು. ಅಷ್ಟರಲ್ಲಿ ತಾರಸಿಯಿಂದ "ಬಂತಾ?" ಎಂಬ ಕೂಗು.

ಪ್ರೂಫ್ ರೀಡರ್ ಬರಿಗಾಲಲ್ಲೇ ಓಡಿದರು. ಟೈಲರ್ ಮನೆ ಗಿಜಿಗುಡುತ್ತಿತ್ತು. ಆಗಲೇ ಹೊರಟೆನೆಂದು ಹೇಳಿದ್ದ ಭಾವಮೈದುನ ಅಲ್ಲಿ ಕಾಲು ಚಾಚಿ ಕೂತು, "ಹೋಯ್ತು!" ಎಂದು ಕೂಗುತ್ತಿದ್ದ.

"ನಾನೂ ಒಂದು ಕಡೆ ನಿಂತ್ಕೋತೀನಿ" ಎಂದರು ಪ್ರೂಫ್ ರೀಡರ್, ಆಸೆಯಿಂದ.

"ಅಯ್ಯೋ, ಬೆಳಿಗ್ಗೆಯಿಂದ ಪಟ್ಟ ಪಾಡು ಸಾಲ್ದಾ?" ನರ್ಸಮ್ಮ ಮೆಟ್ಟಿಲಿಳಿದು ಬಂದರು. "ನಿಮ್ದು ಇನ್ನು ಹೋಗೋದೇ ಇಲ್ವಲ್ಲ, ಆರಾಮಾಗಿ ನೋಡ್ಕೊಂಡು ಕೂತ್ಕೊಳ್ಳಿ."

ಹಾಗೆಂದು ಅಕ್ಕರೆಯಿಂದ ಕೈಹಿಡಿದು ಕರೆತಂದು, ಟೀವಿ ಮುಂದೆ ಕೂರಿಸಿ, ಗಲಾಟೆ ಕೇಳಿಸಬಾರದೆಂದು ಬಾಗಿಲನ್ನೂ ಎಳೆದುಕೊಂಡು ಹೋದರು.