ಊಟ ಆಯ್ತಾ?

ಅನರ್ಥಕ್ಕೆಲ್ಲ ಕಾರಣ ಒಂದೇ ಒಂದು ಮಾತು. ನಿರ್ಮಾಪಕ ಎಡ್ವಿನ್ ತೆಗೆದ ಭಯಾನಕ ಚಿತ್ರದಲ್ಲಿ ಮುಸುಕು ಹಾಕಿದ ಕೊಲೆಗಾರ, ಕತ್ತಿ ಎತ್ತುವ ಮುನ್ನ ಪ್ರತಿಯೊಬ್ಬರನ್ನೂ ಮೆಲ್ಲಗೆ ವಿಚಾರಿಸುತ್ತಿದ್ದ: "ಊಟ ಆಯ್ತಾ?" ಮಂಗಳೂರಿಗರು ಎದುರು ಸಿಕ್ಕವರನ್ನೆಲ್ಲ ಕೇಳುವ ಈ ಕುಶಲಪ್ರಶ್ನೆಗೆ ಚಿತ್ರಮಂದಿರಗಳು ಕಿರುಚಿಕೊಂಡವು. ಈಗ ಅದಕ್ಕೊಂದು ಪೂರ್ವಕಥೆಯ ಚಿತ್ರ ಬೇಕಾಗಿತ್ತು. ಸಾಧು ಮನುಷ್ಯನೊಬ್ಬ ಕೊಲೆಗಾರನಾದದ್ದು ಹೇಗೆ? ಕೊಲ್ಲುವಾಗ ಊಟ ವಿಚಾರಿಸುವುದೇಕೆ?

ಉತ್ತರ ಹುಡುಕುವ ಹೊಣೆ ಫಳ್ನೀರಿನ ಫ್ಲ್ಯಾಟಿನಲ್ಲಿರುವ ಫ್ಲೋಯ್ಡನ ಪಾಲಿಗೆ ಬಂತು. ಅದುವರೆಗೆ ಅವನು ಬರೆದದ್ದೆಲ್ಲ ಬೇರೆಯವರ ಹೆಸರಿನಲ್ಲಿ ತೆರೆ ಕಂಡಿತ್ತು.

"ಸಂಜೆ ಬರ್ತೇನೆ. ಒಳ್ಳೇ ಕಾರಣ ಹೇಳಿದ್ರೆ 'ಕತೆ: ಫ್ಲೋಯ್ಡ್' ಅಂತ ಪರದೆ ತುಂಬ ಹಾಕ್ತೇನೆ. ಇಲ್ಲದಿದ್ರೆ ಬೇರೆಯವರು ಉಂಟು," ಎಂದಿದ್ದ ಎಡ್ವಿನ್.

ಹೆಂಡತಿ ಶರೊನ್ ಮೀನು ಹುರಿದಿಟ್ಟು ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು. ಫ್ಲೋಯ್ಡ್ ಅನ್ನಕ್ಕಿಟ್ಟು ಬರೆಯಲು ಕುಳಿತ. ಕರೆಗಂಟೆ ಸದ್ದು ಮಾಡಿತು.

"ಊಟ ಆಯ್ತಾ ಪುತಾ?" ಎದುರು ಮನೆಯ ವಿನಿಫ್ರೆಡ್ ಬಾಯಿ ಬೆಕ್ಕಿನ ಸಮೇತ ಒಳಬಂದರು. ವಿಷಯ ತಿಳಿದು ಕಣ್ಣೊರೆಸಿಕೊಂಡರು. "ಪಾಪ, ಕೊಲೆಗಾರನಿಗೆ ಮಲತಾಯಿ ಇರ್ಬೇಕು. ನನ್ನ ಅತ್ತೆಯ ಹಾಗೆ." ಅತ್ತೆಯ ಚರಿತ್ರೆ ಮುಗಿಯುವಷ್ಟರಲ್ಲಿ ಬೆಕ್ಕು ಅಡುಗೆಮನೆಯಿಂದ ಮೀಸೆ ನೆಕ್ಕಿಕೊಳ್ಳುತ್ತ, ಮದುವೆಯೂಟ ಮುಗಿಸಿದ ಬೀಗನಂತೆ ಹೊರಬಂತು.

ಬರಿಯ ಅನ್ನವಾದರೂ ಸರಿ ಎಂದುಕೊಳ್ಳುವಾಗ ನಿವಾಸಿಗಳ ಸಂಘದ ಕಾರ್ಯದರ್ಶಿ ನೋಣಯ್ಯ ಅದೇ ಪ್ರಶ್ನೆಯನ್ನು ತುಳುವಿನಲ್ಲಿ ಕೇಳುತ್ತ ಬಾಗಿಲಲ್ಲಿದ್ದರು.

"ಒಣಸ್ ಆಂಡಾ ಫ್ಲೋಯ್ಡ್? ಊಟ ಮುಗಿಸಿದ್ರೆ ಒಳ್ಳೇದು. ಗ್ಯಾಸ್ ಲೈನ್ ಬಂದ್ ಮಾಡಿದ್ದೇನೆ, ರಿಪೇರಿ."

ಅರೆಬೆಂದ ಅಕ್ಕಿ ಪಾತ್ರೆಯೊಳಗೆ ಮೌನವಾಯಿತು. ನೋಣಯ್ಯ ಕಂಪ್ಯೂಟರಿನತ್ತ ಬಗ್ಗಿದರು. "ಎಂತ ಇದು, ಕೊಲೆಗಾರನ ಮನೆ ಜೆಪ್ಪುವಿನಲ್ಲಾ? ಬೇಡ ಮಾರಾಯ. ಮಗಳಿಗೆ ಜೆಪ್ಪುವಿನಿಂದಲೇ ಸಂಬಂಧ ಬಂದಿದೆ. ನಂತೂರಿಗೆ ಹಾಕು. ಆ ಟ್ರಾಫಿಕ್ಕಿನಲ್ಲಿ ನಿಂತವನಿಗೆ ಕೊಲೆಯ ಯೋಚನೆ ಬರುವುದು ಸಹಜ."

ಅವರನ್ನು ಸಾಗಹಾಕಿದ ಫ್ಲೋಯ್ಡ್ ಕೆಳಗೋಡಿದ. ಹೋಟೆಲಿನಲ್ಲಿ ಊಟ ಮುಗಿದಿತ್ತು, ಗೋಳಿಬಜೆ ಇತ್ತು. ಪೊಟ್ಟಣವನ್ನು ಎದೆಗವಚಿಕೊಂಡು ಲಿಫ್ಟ್ ಹತ್ತಿದಾಗ ಮೇಲಿನ ಮಹಡಿಯ ಹಿತೇಶ್ ಒಳಗಿದ್ದ. ಲಿಫ್ಟ್ ನಡುವೆ ಕೆಟ್ಟು ನಿಂತಿತು.

"ಊಟ ಆಯ್ತಾ ಬ್ರೋ? ಓ, ಗೋಳಿಬಜೆ!" ಹಿತೇಶ್ ಪೊಟ್ಟಣಕ್ಕೆ ಕೈಹಾಕಿದ. "ವಿನಿಫ್ರೆಡ್ ಬಾಯಿ ಎಲ್ಲ ಹೇಳಿದ್ರು. ನಿಮ್ಮ ಕೊಲೆಗಾರನಿಗೆ ಲವ್ ಫೇಲ್ಯೂರ್ ಆಗಿರ್ಬೇಕು. ನನ್ನದೇ ತೆಗೊಳ್ಳಿ…" ಲಿಫ್ಟ್ ಚಲಿಸುವಾಗ ಅವನ ಪ್ರೇಮವೂ ಪೊಟ್ಟಣವೂ ಒಟ್ಟಿಗೆ ಬರಿದಾಗಿದ್ದವು.

ಸಂಜೆಯಾಯಿತು. ಪರದೆಯ ಮೇಲೆ ಕೊಲೆಗಾರನ ವಿಳಾಸ ಬಿಟ್ಟರೆ ಒಂದು ಸಾಲಿಲ್ಲ. ಹೊಟ್ಟೆಯೊಳಗೆ ಒಂದು ಕಾಳಿಲ್ಲ. ಮನೆಯಲ್ಲಿ ಉಳಿದದ್ದು ಒಂದು ಮುಳ್ಳುಸೌತೆ. ಅದನ್ನು ಹೆಚ್ಚಲೆಂದು ಫ್ಲೋಯ್ಡ್ ದೊಡ್ಡ ಕತ್ತಿ ಕೈಗೆತ್ತಿಕೊಂಡ ಕ್ಷಣದಲ್ಲೇ ಬಾಗಿಲು ತೆರೆಯಿತು. ಮುಂದೆ ಎಡ್ವಿನ್, ಹಿಂದೆ ಕುತೂಹಲದಿಂದ ವಿನಿಫ್ರೆಡ್ ಬಾಯಿ, ನೋಣಯ್ಯ, ಹಿತೇಶ್.

"ಎಂತ ಫ್ಲೋಯ್ಡ್," ಎಂದ ಎಡ್ವಿನ್ ಪ್ರೀತಿಯಿಂದ, "ಊಟ ಆಯ್ತಾ?"

ಕತ್ತಿ ಮೇಲೆದ್ದಿತು. "ಇನ್ನೊಬ್ಬ ಆ ಮಾತು ಕೇಳಿದ್ರೆ ಕಡಿದು ಹಾಕ್ತೇನೆ! ಬೆಳಿಗ್ಗೆಯಿಂದ ಎಲ್ಲರೂ ಕೇಳಿದ್ದೇ ಕೇಳಿದ್ದು. ಒಂದು ತುತ್ತು ಕೊಟ್ಟವರಿಲ್ಲ! ಇನ್ನು ನಾನು ಕೇಳ್ತೇನೆ ನಿಮ್ಮನ್ನು! ಊಟ ಆಯ್ತಾ?"

ಮೂವರು ನೆರೆಯವರು ಗೋಡೆಗೆ ಹಲ್ಲಿಗಳಂತೆ ಅಂಟಿಕೊಂಡರು. ಎಡ್ವಿನ್ ಮಾತ್ರ ಕುಣಿದಾಡಿಬಿಟ್ಟ.

"ಸಿಕ್ಕಿತು! ಇದೇ ಕಾರಣ! ಕೇಳಿದವರೇ ಎಲ್ಲ, ಕೊಟ್ಟವರಿಲ್ಲ! ಇದೇ ಸಿನಿಮಾ!"

ಕತ್ತಿ ನಿಧಾನವಾಗಿ ಕೆಳಗಿಳಿಯಿತು. "ಹಾಗಾದ್ರೆ… 'ಕತೆ: ಫ್ಲೋಯ್ಡ್'?"

"ಕತೆ ಎಲ್ಲಿ ಉಂಟು ಮಾರಾಯ? ಇದು ನಡೆದದ್ದಲ್ವಾ? ಸಾಕ್ಷಿ ಮೂರು ಜನ ಇದ್ದಾರೆ. 'ನೈಜ ಘಟನೆ ಆಧಾರಿತ' ಅಂತ ಹಾಕ್ತೇನೆ, ಜನ ಇನ್ನೂ ಹೆದರ್ತಾರೆ. ಅದರ ಕೆಳಗೆ ಕತೆಗಾರನ ಹೆಸರು ಕಂಡ್ರೆ ಯಾರು ನಂಬ್ತಾರೆ?"

"ಮತ್ತೆ ನನ್ನ ಹೆಸರು?"

"ಪರದೆ ತುಂಬ ಬರ್ತದೆ. ಕೊಲೆಗಾರನಿಗೆ ಇಷ್ಟರವರೆಗೆ ಹೆಸರೇ ಇರ್ಲಿಲ್ಲ ಅಲ್ವಾ?"

ನೋಣಯ್ಯ ನಿಟ್ಟುಸಿರಿಟ್ಟರು. "ಒಳ್ಳೇದಾಯ್ತು, ಜೆಪ್ಪು ಬಚಾವ್." ಹಿತೇಶ್ ಮೇಜಿನ ಬಳಿ ಮುಳ್ಳುಸೌತೆ ಕಚ್ಚುತ್ತಿದ್ದ.

ಕೆಲಸ ಮುಗಿಸಿ ಬಂದ ಶರೊನ್ ಬಾಗಿಲಲ್ಲಿ ಚಪ್ಪಲಿ ಕಳಚಿದಳು. ಗುಂಪನ್ನೂ ಗಂಡನನ್ನೂ ನೋಡಿ, ದಿನವೂ ಕೇಳುವಂತೆ ಕೇಳಿದಳು: "ಊಟ ಆಯ್ತಾ?"

ನಾಲ್ವರೂ ಉಸಿರು ಬಿಗಿಹಿಡಿದರು.

ಫ್ಲೋಯ್ಡ್ ಕತ್ತಿಯನ್ನು ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟ.

"ಆಯ್ತು," ಎಂದ.